ಗಾಬರಿ ಬೇಡ, ಎಲ್ಲರೂ ಕ್ಷೇಮ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಕಡೂರಿಗೆ ಬರುವ ಯಾವ ಸುದ್ದಿಯೂ ನನ್ನ ಕಿವಿ ದಾಟದೆ ಊರೊಳಗೆ ಹೋಗುತ್ತಿರಲಿಲ್ಲ. ಇದು ಜಂಬದ ಮಾತೆಂದು ಯಾರಿಗಾದರೂ ಅನ್ನಿಸಿದರೆ ಅನ್ನಿಸಲಿ, ನಿಜವಂತೂ ಹೌದು. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಮನೆಯಿಂದಲೇ ನಂಬರು ತಿರುಗಿಸಿ ಪರವೂರಿಗೆ ಮಾತನಾಡುವ ಅನುಕೂಲ ನಮ್ಮ ಕಡೆ ಇನ್ನೂ ಬಂದಿರಲಿಲ್ಲ. ಯಾರಾದರೂ ಫೋನಿನ ಹಿಡಿಕೆ ತಿರುವಿದರೆ ನನ್ನೆದುರಿನ ಬೋರ್ಡಿನಲ್ಲಿ ಅವರ ನಂಬರಿನ ಪುಟ್ಟ ತಗಡಿನ ಮುಚ್ಚಳ ಟಪ್ಪನೆ ಬೀಳುತ್ತಿತ್ತು. ಹಿತ್ತಾಳೆ ಮೂತಿಯ ಉದ್ದನೆಯ ವೈರೊಂದನ್ನು, ಅದಕ್ಕೆ ಕಾರ್ಡ್ ಎನ್ನುತ್ತಿದ್ದೆವು, ಆ ಮುಚ್ಚಳದ ಕೆಳಗಿನ ತೂತಿಗೆ ಚುಚ್ಚಿ ಯಾವ ನಂಬರು ಬೇಕೆಂದು ಕೇಳಿ, ಅದರ ಜೋಡಿಯನ್ನು ಇನ್ನೊಂದು ತೂತಿಗೆ ಚುಚ್ಚಿದರೆ ಮಾತು ಕೂಡುತ್ತಿತ್ತು. ಎಂಟು ಗಂಟೆ ಕುಳಿತು ಎದ್ದರೆ ಕಿವಿಯ ಮೇಲೆ ಹೆಡ್‌ಸೆಟ್ಟಿನ ಅಚ್ಚು ಉಳಿದಿರುತ್ತಿತ್ತು.

ಮಾತು ಕದ್ದು ಕೇಳಬಾರದು ಎನ್ನುವುದು ಇಲಾಖೆಯ ನಿಯಮ. ಲೈನು ಸರಿಯಾಗಿ ಕೇಳಿಸುತ್ತಿದೆಯೇ ಎಂದು ನಡುನಡುವೆ ಕಿವಿಗೊಟ್ಟು ನೋಡಬೇಕು ಎನ್ನುವುದೂ ಅದೇ ಇಲಾಖೆಯ ನಿಯಮ. ಎರಡನೆಯದನ್ನು ನಾನು ಚಾಚೂ ತಪ್ಪದೆ ಪಾಲಿಸುತ್ತಿದ್ದೆನಾದ್ದರಿಂದ ತಾಲ್ಲೂಕಿನ ಅರ್ಧ ಸಂಸಾರಗಳ ಕಷ್ಟಸುಖ ನನಗೆ ಗೊತ್ತಿತ್ತು. ನಮ್ಮ ಕಡೆಯ ವೀರಗಾಸೆ ತಂಡವೊಂದು ಜಪಾನಿಗೆ ಹೊರಟಿದೆ ಎಂಬುದೂ ಹಾಗೆ ತಿಳಿದದ್ದೇ. ತಂಡದ ಮುಖ್ಯಸ್ಥ ದೆಹಲಿಯಿಂದ ದೇವನೂರಿನ ಅಂಚೆ ಕಚೇರಿಯ ಸಾರ್ವಜನಿಕ ಫೋನಿಗೆ ಟ್ರಂಕ್ ಕಾಲ್ ಮಾಡಿ ಹೆಂಡತಿಯನ್ನು ಕರೆಸಿಕೊಂಡಿದ್ದ. ನಾಳೆ ವಿಮಾನ ಹತ್ತುತ್ತೇವೆ, ಸಮುದ್ರದ ದಂಡೆಯ ಊರೊಂದರಲ್ಲಿ ಮೊದಲ ಕುಣಿತ, ಊರ ಹೆಸರು ಬಾಯಿಗೆ ಬರುವುದಿಲ್ಲ ಎಂದ. ಆಕೆ ಕೇಳಿದ್ದು ಒಂದೇ ಮಾತು, ಅಷ್ಟು ನೀರಿನ ಹತ್ತಿರ ಯಾಕೆ ಹೋಗಬೇಕು ಎಂದು.

ಅವರ ಕುಣಿತವನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ಮುಖ್ಯಸ್ಥ ದೇವನೂರಿನವನು. ಜೊತೆಗೆ ಕುಣಿಯುವವರು ಸಖರಾಯಪಟ್ಟಣದ ಅಣ್ಣತಮ್ಮಂದಿರಿಬ್ಬರು. ಸಂಬಾಳ ಬಾರಿಸುವವನು ಅಜ್ಜಂಪುರದವನು, ತಾಳದವನು ತರೀಕೆರೆಯವನು. ಎಲ್ಲರೂ ಹೊಲ, ತೆಂಗಿನ ತೋಟ ನೋಡಿಕೊಂಡಿದ್ದು, ಮದುವೆಗೋ ಮಠದ ಕಾರ್ಯಕ್ಕೋ ಕರೆ ಬಂದಾಗ ವೇಷ ಕಟ್ಟುವವರು. ನನಗೆ ಕುಣಿತಕ್ಕಿಂತ ಒಡಪಿನ ಮೇಲೆ ಪ್ರೀತಿ. ಕುಣಿತ ನಿಲ್ಲಿಸಿ, ಕತ್ತಿ ಮೇಲೆತ್ತಿ, ಒಬ್ಬ ದಕ್ಷಯಜ್ಞದ ಕಥೆಯನ್ನು ಗರ್ಜಿಸಿ ಹೇಳುತ್ತಾನೆ. ಅವನು ಉಸಿರಿಗೆ ನಿಂತಲ್ಲೆಲ್ಲ ಉಳಿದವರು ಒಟ್ಟಿಗೆ ಕೂಗು ಕೊಟ್ಟು, ಸಂಬಾಳಕ್ಕೆ ಏಟು ಬೀಳುತ್ತದೆ. ಈ ಮುಖ್ಯಸ್ಥನ ಒಡಪು ಮೈಕಿಲ್ಲದೆ ಸಂತೆಮಾಳದ ಆ ತುದಿಯ ಬಳೆಗಾರನಿಗೂ ಕೇಳುತ್ತಿತ್ತು.

ಅವರು ಹೋಗಿ ಕೆಲವು ದಿನಗಳಾಗಿದ್ದವು. ಅವತ್ತು ನನ್ನದು ಹಗಲಿನ ಪಾಳಿ. ಬೆಂಗಳೂರಿನ ಟ್ರಂಕ್ ಬೋರ್ಡಿನ ಆಪರೇಟರ್, ಮುಖ ನೋಡದೆಯೇ ವರ್ಷಗಟ್ಟಲೆ ಸ್ನೇಹ ಬೆಳೆಸಿಕೊಂಡಿದ್ದವಳು, ಯಾವುದೋ ಕಾಲ್ ಕೂಡಿಸುವಾಗ ಬೊಂಬಾಯಿಯವರು ಜಪಾನಿನ ಕಾಲ್‌ಗಳನ್ನೇ ತೆಗೆದುಕೊಳ್ಳುತ್ತಿಲ್ಲವಂತೆ, ಅಲ್ಲೇನೋ ಆಗಿದೆಯಂತೆ ಎಂದಳು. ಪರದೇಶದ ಕಾಲ್‌ಗಳೆಲ್ಲ ಆಗ ಬೊಂಬಾಯಿಯ ಮೂಲಕವೇ ಹೋಗಬೇಕಿತ್ತು. ಸ್ವಲ್ಪ ಹೊತ್ತಿಗೆ ನಮ್ಮ ಸೂಪರ್‌ವೈಸರ್ ತಮ್ಮ ಕೋಣೆಯ ರೇಡಿಯೋದ ದನಿ ಜೋರು ಮಾಡಿದರು. ಜಪಾನಿನ ಪಶ್ಚಿಮ ಕರಾವಳಿಯಲ್ಲಿ ಭಾರಿ ಭೂಕಂಪವಾಗಿದೆ, ಅದರ ಹಿಂದೆಯೇ ಸಮುದ್ರ ಎದ್ದು ದಡದ ಊರುಗಳಿಗೆ ನುಗ್ಗಿದೆ, ಸತ್ತವರ ಲೆಕ್ಕ ಇನ್ನೂ ಸಿಕ್ಕಿಲ್ಲ ಎಂದು ವಾರ್ತೆ ಓದುವವರು ಹೇಳಿದರು. ಸುನಾಮಿ ಎಂಬ ಶಬ್ದ ಇಂದು ಸಣ್ಣ ಮಕ್ಕಳ ಬಾಯಲ್ಲೂ ಇದೆ. ಆಗ ನಾವು ಯಾರೂ ಅದನ್ನು ಕೇಳಿರಲಿಲ್ಲ.

ವಾರ್ತೆ ಮುಗಿಯುವುದಕ್ಕೂ ಬೋರ್ಡಿನ ಮುಚ್ಚಳಗಳು ಒಂದರ ಹಿಂದೊಂದು ಬೀಳುವುದಕ್ಕೂ ಸರಿಹೋಯಿತು. ದೇವನೂರು, ಸಖರಾಯಪಟ್ಟಣ, ತರೀಕೆರೆ, ಅದರ ಮೂಲಕ ಅಜ್ಜಂಪುರ, ಎಲ್ಲರದೂ ಒಂದೇ ಪ್ರಶ್ನೆ. ನಮ್ಮದು ಬಯಲುಸೀಮೆ. ಸಮುದ್ರ ಕಂಡವರನ್ನು ಊರಿನಲ್ಲಿ ಹುಡುಕಬೇಕಿತ್ತು. ಸಖರಾಯಪಟ್ಟಣದ ಸಾರ್ವಜನಿಕ ಫೋನಿನಲ್ಲಿ ಕುಣಿತದ ಅಣ್ಣತಮ್ಮಂದಿರ ತಂದೆ, ಅಯ್ಯನಕೆರೆಯ ಏರಿ ಒಡೆದರೆ ಕೆಳಗಿನ ಗದ್ದೆಗಳಿಗೆ ಏನಾಗುತ್ತದೋ ಹಾಗೆಯೇ ಎಂದು ಕೇಳಿದರು. ಇರಬಹುದು ಎಂದೆ. ಅವರು, ಹಾಗಾದರೆ ಏನೂ ಉಳಿಯುವುದಿಲ್ಲ ಎಂದು ಫೋನಿಟ್ಟರು.

ತಂಡವನ್ನು ಕಳಿಸಿದ್ದು ಬೆಂಗಳೂರಿನ ಒಂದು ಕಚೇರಿ. ಅಲ್ಲಿಗೆ ಲೈನು ಕೊಡಿಸಿಕೊಂಡು ನಾನೇ ವಿಚಾರಿಸಿದೆ. ಅಧಿಕಾರಿ ಊಟಕ್ಕೆ ಹೋಗಿದ್ದರು, ಆಮೇಲೆ ಮೀಟಿಂಗಿಗೆ ಹೋಗಿದ್ದರು, ಆಮೇಲೆ ಮನೆಗೇ ಹೋಗಿದ್ದರು. ಆ ಹೊತ್ತಿಗೆ ದೇವನೂರಿನ ಬಸ್ಸಿನಲ್ಲಿ ಮುಖ್ಯಸ್ಥನ ಹೆಂಡತಿಯೂ ಆಕೆಯ ಮಾವನೂ ಬಂದು ನಮ್ಮ ಎಕ್ಸ್‌ಚೇಂಜಿನ ಜಗಲಿಯ ಬೆಂಚಿನ ಮೇಲೆ ಕುಳಿತಿದ್ದರು. ಹೊರಗಿನವರು ಒಳಗೆ ಬರುವಂತಿಲ್ಲ ಎಂದು ಬಾಗಿಲಲ್ಲೇ ದೊಡ್ಡ ಅಕ್ಷರದಲ್ಲಿ ಬರೆದಿತ್ತು. ಸೂಪರ್‌ವೈಸರ್ ಆ ಬರಹಕ್ಕೆ ಬೆನ್ನು ಮಾಡಿ ನಿಂತು, ನೀರು ಕುಡಿಯುತ್ತೀರಾ ಎಂದು ಕೇಳಿದರು. ಮನುಷ್ಯ ಸಿಡುಕನಾದರೂ ಕಲ್ಲಲ್ಲ. ಆ ಮಾವನೂ ಹಿಂದೆ ವೇಷ ಕಟ್ಟಿದವರೇ, ಮಗನಿಗೆ ಒಡಪು ಕಲಿಸಿದವರೇ ಅವರು. ಸಂಜೆ ಇಬ್ಬರೂ ಕಡೂರಿನಲ್ಲೇ ನೆಂಟರ ಮನೆಗೆ ಹೋಗಿ ಉಳಿದರು.

ಮರುದಿನ ಬೆಳಗಿನ ಪೇಪರು ಬಂತು. ಬಂದರು ಊರುಗಳು ಕೊಚ್ಚಿಹೋಗಿವೆ, ದೋಣಿಗಳು ಮನೆಗಳ ಮೇಲೆ ಬಿದ್ದಿವೆ ಎಂದಿತ್ತು. ನಮ್ಮವರ ವಿಷಯ ಒಂದು ಸಾಲೂ ಇರಲಿಲ್ಲ. ನಾನು ಅಂದು ಪಾಳಿಗೆ ಮುಂಚೆಯೇ ಬಂದು ಕೂತೆ; ಮಾವ ಸೊಸೆ ಆಗಲೇ ಜಗಲಿಯ ಬೆಂಚಿನ ಮೇಲಿದ್ದರು. ಊಟದ ಹೊತ್ತಿಗೆ ಮುಂಚೆ ಬೆಂಗಳೂರಿನ ಗೆಳತಿ ಉಸಿರು ಕಟ್ಟಿಕೊಂಡು, ತೊಗೊಳ್ಳೇ, ಆ ಕಚೇರಿಯವರೇ ಲೈನಿಗೆ ಬಂದಿದ್ದಾರೆ ಎಂದಳು. ಅಧಿಕಾರಿಯ ದನಿ ಗಂಭೀರವಾಗಿತ್ತು. ದೆಹಲಿಯಿಂದ ತಮಗೆ ತಿಳಿದಂತೆ ಎಲ್ಲರೂ ಕ್ಷೇಮ, ಮನೆಯವರು ಗಾಬರಿಯಾಗಬಾರದು, ಹೆಚ್ಚಿನ ವಿಷಯ ಆಮೇಲೆ ತಿಳಿಸುತ್ತೇವೆ ಎಂದು ಹೇಳಿ ಇಟ್ಟುಬಿಟ್ಟರು.

ನನಗೆ ಕುಣಿಯುವಂತಾಯಿತು. ನಾಲ್ಕು ಊರಿಗೂ ಅದೇ ಮಾತನ್ನು ಹಾಗೇ ದಾಟಿಸಿದೆ. ಆಮೇಲೆ ಹೆಡ್‌ಸೆಟ್ಟನ್ನು ಸಹೋದ್ಯೋಗಿಗೆ ಕೊಟ್ಟು ಜಗಲಿಗೆ ಓಡಿ, ಗಾಬರಿ ಬೇಡ, ಎಲ್ಲರೂ ಕ್ಷೇಮವಂತೆ ಎಂದೆ. ಮಾವ ತಲೆಯ ಮೇಲಿನ ಟವೆಲನ್ನು ನಿಧಾನವಾಗಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಹೆಣಾನಾದ್ರೂ ತಂದ್ಕೊಡ್ತಾರಾ, ಇಲ್ಲ ಅಲ್ಲೇ ಮಣ್ಣು ಮಾಡ್ತಾರಾ, ಅದನ್ನ ಕೇಳಿ ಹೇಳವ್ವ," ಎಂದರು.

ಅವರು ಸರಿಯಾಗಿ ಕೇಳಿಸಿಕೊಂಡಿಲ್ಲವೆಂದುಕೊಂಡು ನಾನು ಮತ್ತೆ ಹೇಳಹೊರಟರೆ ಸೊಸೆ ತಡೆದಳು. ಆಕೆಯ ಕಣ್ಣಿನಲ್ಲಿ ನೀರಿರಲಿಲ್ಲ.

"ನಮ್ಮತ್ತೆ ಚಿಕ್ಕಮಗಳೂರು ಆಸ್ಪತ್ರೇಲಿ ಹೋದಾಗ್ಲೂ ನೀವೇ ಅಲ್ವಾ ಅಕ್ಕೋರೆ ಫೋನಿನಾಗೆ ಹೇಳಿದ್ದು? ಇದೇ ಗಂಟ್ಲು. ಗಾಬರಿ ಬೇಡ, ಚೆನ್ನಾಗವ್ರೆ, ಬಂದೋಗಿ ಅಂದ್ರಿ. ನಾವು ಹೋಗೋ ಹೊತ್ಗೆ ಮುಖಕ್ಕೆ ಬಟ್ಟೆ ಹಾಕಿದ್ರು."

ಅದು ನಿಜ. ನಮ್ಮ ಕಡೆ ಸಾವನ್ನು ಯಾರೂ ಸಾವೆಂದು ತಿಳಿಸುವುದಿಲ್ಲ. ಸತ್ತವರ ಮನೆಯವರೇ ಫೋನಿನಲ್ಲಿ, ಸ್ವಲ್ಪ ಹುಷಾರಿಲ್ಲ ಅನ್ನಿ, ಗಾಬರಿ ಮಾಡಬೇಡಿ ಎಂದು ಹೇಳಿಸುತ್ತಾರೆ. ದಾರಿಯಲ್ಲಿ ಎದೆ ಒಡೆದುಕೊಳ್ಳದೆ ಬಂದು ಸೇರಲಿ ಎಂಬ ಕರುಣೆ ಅದು. ನಾನು ಆ ಕುರ್ಚಿಯಲ್ಲಿ ಕುಳಿತು ಎಷ್ಟು ಮನೆಗಳಿಗೆ ಅದೇ ಮಾತು ದಾಟಿಸಿದ್ದೆನೋ. ಕೇಳುವವರಿಗೂ ಅರ್ಥ ಗೊತ್ತಿತ್ತು, ಹೇಳುವವರಿಗೂ ಗೊತ್ತಿತ್ತು. ಈಗ ನಿಜವಾಗಿ ಕ್ಷೇಮವೆಂಬ ಸುದ್ದಿ ಬಂದರೆ ಅದನ್ನು ಹೇಳುವುದಕ್ಕೆ ನನ್ನ ಹತ್ತಿರ ಬೇರೆ ಮಾತೇ ಉಳಿದಿರಲಿಲ್ಲ.

ಒಳಗೆ ಬಂದು ಕುಳಿತರೆ ಬೋರ್ಡೆಲ್ಲ ಗಲಿಬಿಲಿ. ಸಖರಾಯಪಟ್ಟಣದಲ್ಲಿ ಗೋಳಾಟ ಎದ್ದಿತ್ತು. ತಾಳದವನ ಮನೆಯವರು ಅಂತ್ಯಕ್ರಿಯೆಯ ಮಾತಿಗೆ ಮಠಕ್ಕೆ ಆಳು ಕಳಿಸಿದ್ದಾರೆಂದು ತರೀಕೆರೆಯ ಆಪರೇಟರ್ ತಿಳಿಸಿದಳು. ಅಜ್ಜಂಪುರಕ್ಕೆ ಲೈನು ಹೋಗುತ್ತಿದ್ದುದು ಅವಳ ಬೋರ್ಡಿನಿಂದಲೇ. ಅಲ್ಲಿ ಸಂಬಾಳದವನ ತಾಯಿ ಅನ್ನ ನೀರು ಬಿಟ್ಟು ಮಲಗಿದ್ದಾಳಂತೆ. ಕ್ಷೇಮ ಅಂತ ನಾನೂ ಹೇಳಿದೆ ಕಣೇ, ಹೇಳಿದಷ್ಟೂ ಜಾಸ್ತಿ ಅಳ್ತಾರೆ ಎಂದಳು ಅವಳು. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ನಾನೂ ಇದೇ ಊರಿನ ನೀರು ಕುಡಿದವಳಲ್ಲವೇ. ಆ ಅಧಿಕಾರಿಯ ದನಿಯನ್ನು ಮತ್ತೆ ಮನಸ್ಸಿನಲ್ಲಿ ಕೇಳಿಸಿಕೊಂಡಾಗ, ಹೆಚ್ಚಿನ ವಿಷಯ ಆಮೇಲೆ ಎಂದದ್ದು ಯಾಕೆ ಎಂದು ನನ್ನ ತಲೆಯೊಳಗೂ ಹುಳ ಹೊಕ್ಕಿತು.

ಅಲ್ಲಿಗೆ ನಾನು ನಿರ್ಧಾರ ಮಾಡಿದೆ. ಇನ್ನು ಯಾರ ಬಾಯಿಂದ ಬಂದ ಸಮಾಧಾನದ ಮಾತನ್ನೂ ದಾಟಿಸುವುದಿಲ್ಲ. ಆ ಐವರ ದನಿಯನ್ನೇ ತಂದು ಈ ಮನೆಯವರ ಕಿವಿಗೆ ಮುಟ್ಟಿಸಬೇಕು. ಸೂಪರ್‌ವೈಸರಿಗೆ ಹಾಗೆಂದಾಗ ಅವರು ಕನ್ನಡಕ ಒರೆಸುತ್ತ, ಕಡೂರಿನಿಂದ ಜಪಾನಿಗೆ ಕಾಲ್ ಹೋದ ಉದಾಹರಣೆಯೇ ಇಲ್ಲಮ್ಮ ಎಂದರು. ಹಾಗಾದರೆ ಇವತ್ತು ಹೋಗಲಿ ಸಾರ್ ಎಂದೆ. ಯಾರ ನಂಬರಿನ ಮೇಲೆ ಬುಕ್ ಮಾಡುತ್ತೀ, ದುಡ್ಡು ಯಾರು ಕಟ್ಟುತ್ತಾರೆ ಎಂಬುದು ಅವರ ಮುಂದಿನ ಪ್ರಶ್ನೆ.

ಉತ್ತರ ತಾನಾಗಿ ಬಾಗಿಲಿಗೆ ಬಂತು, ಅದೂ ಜಗಳಕ್ಕೆ. ಊರಿನ ಕೊಬ್ಬರಿ ಸಾಹುಕಾರರೊಬ್ಬರು ಅಂದು ಬೆಳಗಿನಿಂದ ದೆಹಲಿಗೆ ಲೈಟ್ನಿಂಗ್ ಕಾಲ್ ಬುಕ್ ಮಾಡಿದ್ದರು. ಲೈಟ್ನಿಂಗ್ ಎಂದರೆ ಎಲ್ಲ ಕಾಲ್‌ಗಳನ್ನೂ ಹಿಂದಿಕ್ಕಿ ಹೋಗುವಂಥದ್ದು. ತಿಪಟೂರಿನಲ್ಲಿ ಕೊಬ್ಬರಿ ಹರಾಜಿನ ದಿನ ಅದು. ಬೆಂಗಳೂರಿಗಿದ್ದ ಬೆರಳೆಣಿಕೆಯ ಲೈನುಗಳನ್ನು ವರ್ತಕರೆಲ್ಲ ಹಂಚಿಕೊಂಡು ಕಿತ್ತಾಡುವ ದಿನ. ನನ್ನ ಕಾಲ್ ಎಲ್ಲಿ ಹೋಯಿತು ಎಂದು ಅವರು ಜಗಲಿ ಹತ್ತುತ್ತಲೇ ಶುರುಮಾಡಿದವರು, ಬೆಂಚಿನ ಮೇಲೆ ಕೂತಿದ್ದ ಮಾವನ ಮುಖ ನೋಡಿ ನಿಂತರು. ಅವರ ಮನೆಯ ಮದುವೆಗಳಲ್ಲಿ ವೇಷ ಕಟ್ಟಿದ್ದು ಇದೇ ಮನೆತನ. ವಿಷಯ ಕೇಳಿದ ಮೇಲೆ ಸಾಹುಕಾರರು ಕಿಟಕಿಗೆ ಬಂದರು.

"ನನ್ ನಂಬ್ರಿಗೆ ಬರ್ಕೊಳಮ್ಮ. ಲೈನು ಬಿಟ್ಟಿದೀನಿ. ಮಿಕ್ಕೋರಿಗೂ ನಾನೇ ಹೇಳ್ತೀನಿ, ಇವತ್ತೊಂದಿನ ಕೊಬ್ಬರಿ ಮಾರ್ದೆ ಇದ್ರೆ ಯಾರೂ ಸಾಯಲ್ಲ."

ಹಾಗೆಂದು ಪೇಟೆಬೀದಿಗೆ ಹೋದರು. ಅವರು ಅಲ್ಲಿ ಬೈದರೋ ಬೇಡಿದರೋ ನನಗೆ ತಿಳಿಯದು. ಆ ಮಧ್ಯಾಹ್ನ ಬೆಂಗಳೂರಿನ ಲೈನು ಕೇಳಿ ಒಂದೇ ಒಂದು ಮುಚ್ಚಳ ಬೀಳಲಿಲ್ಲ. ಹರಾಜಿನ ದಿನ ಕಡೂರಿನ ಬೋರ್ಡು ಅಷ್ಟು ಸುಮ್ಮನಿದ್ದದ್ದನ್ನು ನಾನು ಹಿಂದೆಯೂ ಕಂಡಿರಲಿಲ್ಲ, ಮುಂದೆಯೂ ಕಾಣಲಿಲ್ಲ. ಈಗಲೂ ಅದನ್ನು ನೆನೆದರೆ ನನ್ನ ಊರಿನ ಮೇಲೆ ಹೆಮ್ಮೆಯಾಗುತ್ತದೆ.

ಇನ್ನು ಜಪಾನಿನ ನಂಬರು ಬೇಕು. ಬೆಂಗಳೂರಿನ ಗೆಳತಿ ಆ ಕಚೇರಿಯ ಫೋನನ್ನು ಬಿಡದೆ ಬಾರಿಸಿದಳು. ಅಧಿಕಾರಿ, ಕ್ಷೇಮ ಅಂತ ಹೇಳಿದೆನಲ್ಲ ಎಂದು ರೇಗಿದರು. ಅದಕ್ಕೇ ಸಾರ್ ನಂಬರು ಬೇಕಾಗಿರುವುದು ಎಂದೆ. ಅವರಿಗೆ ನಾನು ಹೇಳಿದ್ದು ಅರ್ಥವಾದಂತೆ ಕಾಣಲಿಲ್ಲ. ಆದರೂ ಕಾಗದಗಳನ್ನು ಸರಿಸುವ ಸದ್ದಾಗಿ, ತಂಡವನ್ನು ದಡದ ಊರಿನಿಂದ ದೂರದ ಪಟ್ಟಣಕ್ಕೆ ಕರೆತಂದಿದ್ದಾರೆಂದು ಹೇಳಿ, ಅಲ್ಲಿನ ಹೋಟೆಲಿನ ನಂಬರು ಕೊಟ್ಟರು.

ನಾನು ಬುಕ್ ಮಾಡಿದ್ದು ಪಿ.ಪಿ. ಕಾಲ್. ಅಂದರೆ ಇಂಥವರೇ ಫೋನಿಗೆ ಬರಬೇಕು ಎಂದು ಹೆಸರು ಕೊಟ್ಟು ಮಾಡುವ ಕಾಲ್. ಹೋಟೆಲಿನ ಯಾರೋ ಎತ್ತಿ ಮಾತು ಮುಗಿಸಿಬಿಟ್ಟರೆ ಮತ್ತೆ ಲೈನು ಸಿಗುವ ಭರವಸೆ ಇರಲಿಲ್ಲ. ಕಿಟಕಿಯಿಂದಲೇ ಮುಖ್ಯಸ್ಥನ ಹೆಂಡತಿಯನ್ನು ಯಜಮಾನರ ಪೂರ್ತಿ ಹೆಸರು ಹೇಳಮ್ಮ ಎಂದು ಕೇಳಿದೆ. ಆಕೆ ತಲೆ ತಗ್ಗಿಸಿದಳು. ನಮ್ಮ ಹುಡುಗನ ಅಪ್ಪ ಎಂದಳು. ಜಪಾನಿನವರಿಗೆ ನಿಮ್ಮ ಹುಡುಗ ಯಾರೆಂದು ಗೊತ್ತಿಲ್ಲವಲ್ಲ ತಾಯಿ ಎಂದು ಸೂಪರ್‌ವೈಸರ್ ಅಷ್ಟು ದುಃಖದಲ್ಲೂ ನಗಿಸಲು ನೋಡಿದರು.

"ಹೆಸ್ರು ಹಿಡಿದ್ರೆ ಆಯುಸ್ಸು ಕಮ್ಮಿಯಾಗ್ತದೆ. ಬ್ಯಾರೆ ದಿನ ಆಗಿದ್ರೆ ನೋಡ್ಬೋದಿತ್ತು. ಇವತ್ತು ಮಾತ್ರ ಹೇಳಲ್ಲ," ಎಂದಳು ಆಕೆ.

ಆ ಮಾತು ಕೇಳಿದಾಗ ನನಗೆ ಎದೆ ಹಗುರವಾಯಿತು. ಆಯುಸ್ಸಿನ ಚಿಂತೆ ಮಾಡುತ್ತಿದ್ದಾಳೆಂದರೆ ಎಲ್ಲೋ ಒಂದು ಮೂಲೆಯಲ್ಲಿ ಅವನು ಬದುಕಿದ್ದಾನೆಂದು ನಂಬಿದ್ದಾಳೆ ಎಂದಾಯಿತು. ಹೆಸರನ್ನು ಮಾವ ಹೇಳಿದರು.

ಮಿಕ್ಕದ್ದು ಕಾಯುವ ಕೆಲಸ. ನಾನು ಬೆಂಗಳೂರಿನ ಲೈನನ್ನು ಹಿಡಿದುಕೊಂಡೇ ಕುಳಿತೆ. ಅಲ್ಲಿನ ಗೆಳತಿ ಬೊಂಬಾಯಿಯನ್ನು ಹಿಡಿದುಕೊಂಡಳು. ಬೊಂಬಾಯಿಯ ಆಪರೇಟರ್ ಒಬ್ಬ ಗಂಡಸು, ಕಡೂರು ಎಂಬ ಊರಿನ ಹೆಸರನ್ನು ಅವನಿಗೆ ಒಂದೊಂದೇ ಅಕ್ಷರವಾಗಿ ಬರೆಸಬೇಕಾಯಿತು. ಎರಡು ಸಲ ಲೈನು ಕೂಡಿ ಕಡಿದುಹೋಯಿತು. ಒಂದು ಸಲ ಯಾರದೋ ಜಪಾನಿ ಮಾತು ಕೇಳಿ ಮತ್ತೆ ಗೊರಗೊರ ಸದ್ದೇ ಉಳಿಯಿತು.

ಅಷ್ಟರಲ್ಲಿ ತರೀಕೆರೆಯವಳು, ಅಜ್ಜಂಪುರದ ತಾಯಿಯನ್ನು ಎತ್ತಿಕೊಂಡು ಬಂದು ಅಲ್ಲಿನ ಫೋನಿನ ಮುಂದೆ ಕೂರಿಸಿದ್ದಾರೆ, ತಾಳದವನ ಮನೆಯವರು ನನ್ನ ಹತ್ತಿರವೇ ಇದ್ದಾರೆ, ಅವರಿಗೂ ಕೇಳಿಸು ಎಂದಳು. ದೇವನೂರಿನಲ್ಲೂ ಸಖರಾಯಪಟ್ಟಣದಲ್ಲೂ ಜನ ಫೋನಿನ ಸುತ್ತ ನೆರೆದಿದ್ದರು. ಇಲ್ಲಿ ಒಂದು ಕಷ್ಟವಿತ್ತು. ಒಂದೇ ಲೈನಿಗೆ ಇನ್ನೊಂದು ಲೈನು ಕೂಡಿಸಿದರೆ ದನಿ ಹಂಚಿಹೋಗುತ್ತದೆ. ಮೂರು ಕೂಡಿಸಿದರೆ ಯಾರಿಗೂ ಕೇಳದಂತಾಗುವುದೂ ಉಂಟು. ಕೂಡುತ್ತಿರುವುದೇ ಸಮುದ್ರದಾಚೆಯ ಬಡಕಲು ದನಿ. ಜಗಲಿಯಲ್ಲಿ ಕೂತ ಒಬ್ಬಳಿಗೆ ಚೆನ್ನಾಗಿ ಕೇಳಿಸಲೋ, ಎಲ್ಲರಿಗೂ ಅಷ್ಟಷ್ಟು ಹಂಚಲೋ ತಿಳಿಯದೆ ಕಾರ್ಡುಗಳನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದೆ.

ಇಳಿಬಿಸಿಲಿನ ಹೊತ್ತಿಗೆ ಬೊಂಬಾಯಿಯವನು, ಕಡೂರ್, ನಿಮ್ಮ ಪಾರ್ಟಿ ಲೈನಿನಲ್ಲಿದ್ದಾರೆ, ಮಾತನಾಡಿ ಎಂದ. ಸೂಪರ್‌ವೈಸರ್ ನಿಯಮವನ್ನೆಲ್ಲ ಬದಿಗಿಟ್ಟು ಮಾವನನ್ನೂ ಸೊಸೆಯನ್ನೂ ಬೋರ್ಡಿನ ಪಕ್ಕಕ್ಕೆ ಕರೆತಂದರು. ನಾನು ಆಕೆಯ ಕೈಗೆ ರಿಸೀವರ್ ಕೊಟ್ಟೆ. ಹೆಡ್‌ಸೆಟ್ಟಿನಲ್ಲಿ ನನಗೂ ಕೇಳಿತು, ಬಾವಿಯ ತಳದಿಂದ ಬಂದಂಥ ಒಂದು ಸಣ್ಣ ದನಿ. ಹಲೋ, ನಾವೆಲ್ಲ ಚೆನ್ನಾಗಿದ್ದೇವೆ, ಯಾರೂ ಗಾಬರಿಯಾಗಬೇಡಿ ಎನ್ನುತ್ತಿತ್ತು. ಹಾಳಾದ್ದು, ಅವನೂ ಅದನ್ನೇ ಹೇಳಬೇಕೇ. ಆಕೆ ರಿಸೀವರನ್ನು ಕಿವಿಯಿಂದ ದೂರ ಹಿಡಿದಳು.

"ಇದು ಅವ್ರಲ್ಲ ಕಣಕ್ಕ. ಯಾರ್ನೋ ಕೂರಿಸಿ ಹೇಳಿಸ್ತಾವ್ರೆ."

ನಿಜಕ್ಕೂ ಆ ದನಿ ಯಾರದ್ದೂ ಆಗಬಹುದಿತ್ತು. ಅಷ್ಟು ದೂರದ ವೈರಿನಲ್ಲಿ ಮಾತಾಡುವ ದನಿಯ ಗುರುತೆಲ್ಲ ಸವೆದುಹೋಗುತ್ತದೆ. ಮಾತಾಡುವ ದನಿ ಸವೆಯುತ್ತದೆ ಸರಿ, ಸಂತೆಮಾಳ ದಾಟುವ ದನಿ ಸವೆದೀತೇ ಎಂದು ನನಗೆ ಹೊಳೆದದ್ದು ಆಗ. ನಾನು ಕೀ ಒತ್ತಿ ನಡುವೆ ಬಾಯಿ ಹಾಕಿದೆ. ಅಣ್ಣಾ, ನಾನು ಕಡೂರಿನ ಆಪರೇಟರ್, ಒಂದು ಒಡಪು ಹೇಳಿ ಎಂದೆ. ಅತ್ತಲಿಂದ ಅದೇ ಸಣ್ಣ ದನಿ ಬಂತು.

"ವೇಷ ಇಲ್ದೆ ಹೆಂಗಮ್ಮ ಒಡಪು ಹೇಳಾದು? ಕತ್ತಿ, ಗೆಜ್ಜೆ, ವೀರಭದ್ರನ ಮೂರ್ತಿಯ ಹಲಗೆ, ಎಲ್ಲಾ ಸಮುದ್ರ ತಗೊಂಡೋಯ್ತು. ಮೈ ಮೇಲೆ ಇರೋದು ಇವರು ಕೊಟ್ಟ ಅಂಗಿ."

ವೇಷ ಕಟ್ಟದೆ, ಮಿಂದು ಮಡಿಯಾಗದೆ ಒಡಪು ನುಡಿಯಬಾರದು ಎನ್ನುವುದು ಅವರ ಮನೆತನ ನಡೆಸಿಕೊಂಡು ಬಂದ ಕಟ್ಟು. ಅದನ್ನು ಮುರಿಯಿರಿ ಎನ್ನಲು ನಾನು ಯಾರು. ನಾನು ಮಾವನಿಗೆ ಅದನ್ನು ಹೇಳಿ ಅವರ ಮುಖ ನೋಡಿದೆ. ಅವರು ಸೊಸೆಯ ಕೈಯಿಂದ ರಿಸೀವರ್ ತೆಗೆದುಕೊಂಡು, ಹೊಲದಾಚೆಯವರನ್ನು ಕೂಗುವ ಹಾಗೆ ಕೂಗಿದರು.

"ಲೇ, ನಾನು ನಿಮ್ಮಪ್ಪ. ವೇಷ ಹೋದ್ರೆ ಹೋಗ್ಲಿ. ಬದುಕಿದ್ರೆ ಹೇಳೋ."

ನಾನು ಕೈಯಲ್ಲಿದ್ದ ಕಾರ್ಡುಗಳನ್ನೆಲ್ಲ ಚುಚ್ಚಿದೆ. ದೇವನೂರು, ಸಖರಾಯಪಟ್ಟಣ, ತರೀಕೆರೆ. ತರೀಕೆರೆಯವಳು ಅಜ್ಜಂಪುರವನ್ನು ಕೂಡಿಸಿದಳು. ಲೈನು ಒಮ್ಮೆ ಸೊರಗಿ ಬರೀ ಮೌನವಾಯಿತು. ಕೆಟ್ಟೆನಲ್ಲ ಎಂದುಕೊಂಡೆ.

ಆಗ ಬಂತು ನೋಡಿ. ರುದ್ರನನ್ನು ಕೂಗಿ ಕರೆಯುವ ಆ ಮೊದಲ ಗರ್ಜನೆಗೆ ನಾನು ಹೆಡ್‌ಸೆಟ್ಟನ್ನು ಕಿವಿಯಿಂದ ಕಿತ್ತು ಹಿಡಿಯಬೇಕಾಯಿತು. ಬೋರ್ಡಿನ ಕೋಣೆಯಲ್ಲಿ ಎಲ್ಲರಿಗೂ ಕೇಳಿತು. ದಕ್ಷನ ಯಜ್ಞಶಾಲೆಗೆ ವೀರಭದ್ರ ನುಗ್ಗುವ ಭಾಗ. ಒಂದು ಸಾಲು ಮುಗಿದು ಅವನು ಉಸಿರಿಗೆ ನಿಂತ. ಅಲ್ಲಿ ಸಂಬಾಳದ ಏಟು ಬೀಳಬೇಕು. ಸಂಬಾಳವೂ ಸಮುದ್ರದ ಪಾಲಾಗಿತ್ತಲ್ಲ. ಆ ಖಾಲಿ ಜಾಗದಲ್ಲಿ ಮಾವ ರಿಸೀವರನ್ನು ಸೊಸೆಯ ಕೈಗೆ ಕೊಟ್ಟು, ಕಡೂರಿನ ಇಲಾಖೆಯ ಮೇಜಿನ ಮೇಲೆ ಎರಡೂ ಅಂಗೈಗಳಿಂದ ದಡದಡನೆ ಬಡಿದು ಕೂಗು ಕೊಟ್ಟರು. ಅದು ಜಪಾನಿಗೆ ಕೇಳಿತು. ಏಕೆಂದರೆ ಎರಡನೆಯ ಸಾಲಿನ ಕೊನೆಗೆ ಅತ್ತ ಕಡೆಯಿಂದ ನಾಲ್ಕು ಗಂಟಲುಗಳು ಒಟ್ಟಿಗೆ ಕೂಗು ಕೊಟ್ಟವು. ಯಾರೋ ಮರದ ಮೇಲೆ ಸಂಬಾಳದ ಗತ್ತಿನಲ್ಲೇ ಏಟು ಹಾಕಿದರು, ಯಾರೋ ಎರಡು ಲೋಹದ ವಸ್ತುಗಳನ್ನು ತಾಳವಾಗಿ ತಟ್ಟಿದರು.

ಆಮೇಲೆ ಯಾವ ಊರಿಗೂ ಯಾರೂ ಏನನ್ನೂ ಹೇಳಬೇಕಾಗಲಿಲ್ಲ. 'ನನ್ ಮಗನ್ ಕೈ, ಅದು ನನ್ ಮಗನ್ ಕೈ' ಎಂದು ಅಜ್ಜಂಪುರದ ತಾಯಿ ಅಳುವುದು ಎರಡು ಬೋರ್ಡು ದಾಟಿ ನನಗೆ ಕೇಳುತ್ತಿತ್ತು. ಸಖರಾಯಪಟ್ಟಣದಲ್ಲಿ ಆ ಅಣ್ಣತಮ್ಮಂದಿರ ತಂದೆ ತಾವೂ ಕೂಗು ಕೊಟ್ಟರು. ನಮ್ಮ ಸೂಪರ್‌ವೈಸರ್ ಗೋಡೆಯ ಕಡೆ ತಿರುಗಿ ನಿಂತಿದ್ದರು. ನಾನು ಅಳುತ್ತಿದ್ದೆ, ಮುಚ್ಚಿಡುವುದೇನು ಬಂತು. ಆಕೆ ಮಾತ್ರ ರಿಸೀವರಿಗೆ ಬಾಯಿ ಹಚ್ಚಿ ಮೆಲ್ಲಗೆ, ಉಂಡ್ರಾ ಎಂದು ಕೇಳಿದಳು. ಅವನು ಏನು ಹೇಳಿದನೋ ನಾನು ಕೇಳಲಿಲ್ಲ. ಅಷ್ಟು ಹೊತ್ತು ಮಾತ್ರ ಮೊದಲನೆಯ ನಿಯಮವನ್ನೂ ಪಾಲಿಸಿದೆ.

ಕಾಲ್ ಮುಗಿದ ಮೇಲೂ ಬೊಂಬಾಯಿಯವನು ಲೈನು ಬಿಡಲಿಲ್ಲ. ಅದೇನದು, ನಮ್ಮ ಇಡೀ ಸಾಲಿನ ಆಪರೇಟರುಗಳು ಕೆಲಸ ನಿಲ್ಲಿಸಿ ಕೇಳಿದರು ಎಂದ. ಅದು ನಮ್ಮ ಊರು ಎಂದೆ. ಅವನಿಗೆ ಅದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ.

ತಂಡ ಹಿಂದಿರುಗಿ ಕೆಲವು ದಿನಗಳಾದ ಮೇಲೆ ಒಂದು ಬೆಳಿಗ್ಗೆ ಎಕ್ಸ್‌ಚೇಂಜಿನ ಅಂಗಳದಲ್ಲಿ ಗೆಜ್ಜೆ ಸದ್ದು ಕೇಳಿತು. ಐವರೂ ಬಂದಿದ್ದರು, ಹಿಂದೆ ಮಾವ, ಸೊಸೆ, ಕೊಬ್ಬರಿ ಸಾಹುಕಾರರು. ಮಠದವರು ಹೊಸ ಹಲಗೆ, ಹೊಸ ಕತ್ತಿ ಮಾಡಿಸಿಕೊಟ್ಟಿದ್ದರಂತೆ. ವೇಷವಿಲ್ಲದೆ ನುಡಿದ ಒಡಪು ಅರ್ಧಕ್ಕೇ ನಿಂತಂತೆ, ಅದನ್ನು ಕೇಳಿದವರ ಮುಂದೆಯೇ ವೇಷ ಕಟ್ಟಿ ಪೂರ್ತಿ ಮಾಡಬೇಕು ಎಂದು ಮಾವ ಕಟ್ಟುಮಾಡಿದ್ದರು. ಹೊಸ ವೇಷದ ಮೊದಲ ಒಡಪು ನಿಮ್ಮ ಬೋರ್ಡಿನ ಮುಂದೆ ಎಂದರು. ಅಂದು ಸಮುದ್ರ ಹಿಂದಕ್ಕೆ ಸರಿದು, ಬೇಸಿಗೆಯ ಅಯ್ಯನಕೆರೆಯ ಹಾಗೆ ತಳ ಕಂಡದ್ದನ್ನೂ, ಊರಿನವರು ಇವರನ್ನು ಕೈಹಿಡಿದು ಗುಡ್ಡಕ್ಕೆ ಓಡಿಸಿದ್ದನ್ನೂ ಮುಖ್ಯಸ್ಥ ಕಿಟಕಿಯ ಬಳಿ ನಿಂತು ನಾಲ್ಕು ಮಾತಿನಲ್ಲಿ ಹೇಳಿದ. ವೇಷದ ಪೆಟ್ಟಿಗೆ ತರಲು ಒಬ್ಬನೂ ಹಿಂದಿರುಗದಂತೆ ತಡೆದದ್ದು ತಾನೇ ಎಂದೂ ಹೇಳಿದ.

ನಾನು ಪಾಳಿಯಲ್ಲಿದ್ದೆ, ಕುರ್ಚಿ ಬಿಟ್ಟು ಏಳುವಂತಿರಲಿಲ್ಲ. ಅವರು ಕಿಟಕಿಯ ಹೊರಗೆ ನಿಂತು ಕತ್ತಿ ಎತ್ತಿದರು, ನಾನು ಹೆಡ್‌ಸೆಟ್ಟನ್ನು ಒಂದು ಕಿವಿಗೆ ಸರಿಸಿಕೊಂಡು ಇನ್ನೊಂದು ಕಿವಿಯಲ್ಲಿ ಕೇಳಿದೆ. ಮೊದಲ ಗರ್ಜನೆಗೆ ಕಿಟಕಿಯ ಗಾಜು ಅದುರಿತು. ತರೀಕೆರೆಯ ಮುಚ್ಚಳ ಟಪ್ಪನೆ ಬಿತ್ತು. ಕಾರ್ಡ್ ಚುಚ್ಚಿದೆ.

"ಏನೇ ಅದು ಸದ್ದು, ಏನಾಯ್ತೇ ಅಲ್ಲಿ?" ಎಂದಳು ತರೀಕೆರೆಯವಳು.

"ಗಾಬರಿ ಬೇಡ ಕಣೇ," ಎಂದೆ. "ಎಲ್ಲರೂ ಕ್ಷೇಮ."

ಅವಳು ನಂಬಿದಳು.